ನೀರು ಕೊಡದ ಕೈ

ಅವರೆಕಾಯಿ ಕಾಲದ ಒಂದು ಬೆಳಗ್ಗೆ. ಅಡುಗೆಮನೆಯ ಹಿಂದಿನ ಜಗಲಿಯ ಮೇಲೆ ಎಳೆಬಿಸಿಲಿಗೆ ಬೆನ್ನು ಕೊಟ್ಟು ಮೂವರು ಕೂತಿದ್ದರು. ಒಂದು ಕೊನೆಗೆ ಕಣ್ಣು ಕಾಣದ ಅಜ್ಜಿ. ನಡುವೆ ದೊಡ್ಡಮ್ಮ, ಡೆಂಕಣಿಕೋಟೆ ಕಡೆಯ ದೊಡ್ಡ ಮನೆತನದ ಹೆಂಗಸು, ಎಂಬತ್ತರ ಹತ್ತಿರ, ಕೈ ಸದಾ ನಡುಗುತ್ತಿತ್ತು, ನಾಲಗೆ ಮಾತ್ರ ನಡುಗುತ್ತಿರಲಿಲ್ಲ. ಇನ್ನೊಂದು ಕೊನೆಗೆ ತಾತ. ಒಂದು ಕಾಲದಲ್ಲಿ ಹೊಸೂರಿನ ಮಾರುಕಟ್ಟೆಗೆ ತರಕಾರಿ ಗಾಡಿ ಹೊಡೆಯುತ್ತಿದ್ದವರು, ಲಕ್ವ ಹೊಡೆದು ಬಲಗೈಯೂ ಮಾತೂ ಹೋಗಿದ್ದವು. ಮೂವರ ನಡುವೆ ರಾತ್ರಿಯೆಲ್ಲ ನೆನೆದ ಅವರೆಕಾಳಿನ ದೊಡ್ಡ ಬೋಗುಣಿ. ಕಾಳನ್ನು ಎರಡು ಬೆರಳ ನಡುವೆ ಹಿಡಿದು ಹಿಸುಕಿದರೆ ಸಿಪ್ಪೆ ಕೈಯಲ್ಲಿ ಉಳಿದು ಬೇಳೆ ಹೊರಕ್ಕೆ ಚಿಮ್ಮುತ್ತದೆ. ತಾತನ ಎಡಗೈಯಿಂದ ಚಿಮ್ಮಿದ ಒಂದು ಬೇಳೆ ನನ್ನ ಔಷಧಿ ತಟ್ಟೆಯೊಳಕ್ಕೆ ಬಿತ್ತು. ನಾನು ಆ ವೃದ್ಧಾಶ್ರಮದ ಕಾಂಪೌಂಡರ್.

"ತಿನ್ನಕ್ಕಿಲ್ದಿರೋ ಬ್ಯಾಳೆಗೆ ಕೈ ಯಾಕೆ ನೋಯಿಸ್ಕೊಬೇಕು?" ಅಂದರು ದೊಡ್ಡಮ್ಮ.

"ಸುಮ್ಕೆ ಇಸುಕಿ ದೊಡ್ಡಮ್ಮ. ಸಾರು ಕುದಿಯೋವಾಗ ವಾಸ್ನೆ ನಿಮ್ಗೇ ಮೊದ್ಲು ಬತ್ತದೆ."

"ವಾಸ್ನೆ ತಿಂದು ಬದುಕಕ್ಕೆ ನಾನೇನು ಗುಡೀಲಿರೋ ದೇವ್ರೇನೇ?"

ದೊಡ್ಡಮ್ಮನಿಗೆ ಹಾಗೆ ಸಮಾಧಾನ ಹೇಳಿ, ಹೊಸ್ತಿಲ ಮೇಲೆ ಕೂತು ಈರುಳ್ಳಿ ಹೆಚ್ಚುತ್ತಿದ್ದವರೇ ನಾನು ಹೇಳಹೊರಟಿರುವ ಅಡುಗೆಯವರು. ನಾನು ಅವರನ್ನು ಅಕ್ಕ ಅನ್ನುತ್ತಿದ್ದೆ. ಹೆಸರು ಬರೆಯುವುದಿಲ್ಲ. ಆ ಹೆಸರನ್ನು ಅವರ ಊರಿನಲ್ಲಿ ಬಹಳ ದಿನ ಬೇರೆ ದನಿಯಲ್ಲಿ ಹೇಳಿದ್ದಾರೆ, ಸಾಕು.

ಕೆಲಮಂಗಲ ದಾಟಿ ಡೆಂಕಣಿಕೋಟೆಗೆ ಹೋಗುವ ರಸ್ತೆಯ ಪಕ್ಕ ಒಂದು ಉದ್ದನೆಯ ಹೆಂಚಿನ ಕಟ್ಟಡ. ಮೊದಲು ರೇಷ್ಮೆ ಹುಳು ಸಾಕುತ್ತಿದ್ದ ಮನೆ. ಹುಳುವಿನ ಕೆಲಸ ನಿಂತ ಮೇಲೆ ಯಾರೋ ಪುಣ್ಯಾತ್ಮರು ಅದನ್ನು ಮುದುಕರಿಗೆ ಬಿಟ್ಟುಕೊಟ್ಟರು. ಎಪ್ಪತ್ತರ ದಶಕ ಅರ್ಧ ಕಳೆದಿತ್ತು. ಹೊಸೂರಿನಲ್ಲಿ ಕಾರ್ಖಾನೆಗಳ ಗೋಡೆ ಏಳುತ್ತಿದ್ದವು, ನಮ್ಮಲ್ಲಿ ಮಾತ್ರ ಗೋಡೆಗೆ ಸುಣ್ಣವೂ ಇರಲಿಲ್ಲ. ಇಪ್ಪತ್ತು ಇಪ್ಪತ್ತೆರಡು ಜನ ಇದ್ದರು. "ಹುಳಕ್ಕಾದ್ರೆ ಸೊಪ್ಪು ಆಕ್ತಿದ್ರು, ನಮ್ಗೆ ಅದೂ ಇಲ್ಲ" ಎಂದು ದೊಡ್ಡಮ್ಮ ಆಗಾಗ ಅನ್ನುವುದಿತ್ತು.

ಅವರ ಕೋಪಕ್ಕೆ ಕಾರಣ ಇತ್ತು. ಇದ್ದವರಲ್ಲಿ ಏಳೆಂಟು ಜನಕ್ಕೆ ನುಂಗುವುದೇ ಕಷ್ಟ. ಲಕ್ವ ಹೊಡೆದವರು, ನಡುಕದವರು, ವಯಸ್ಸಿಗೇ ಗಂಟಲು ಸೋತವರು. ನಮ್ಮ ಸೀಮೆಯಲ್ಲಿ ಊಟ ಎಂದರೆ ಮುದ್ದೆ. ಮುದ್ದೆಯನ್ನು ಅಗಿಯುವುದಿಲ್ಲ, ಮುರಿದು ಸಾರಿನಲ್ಲಿ ಹೊರಳಿಸಿ ನುಂಗುತ್ತಾರೆ. ಅಗಿದರೆ ಎದುರಿಗೆ ಕೂತವರು ನಗುತ್ತಾರೆ. ಹಾಗೆ ಎಪ್ಪತ್ತು ವರ್ಷ ನುಂಗಿದ ಗಂಟಲು ಒಂದು ದಿನ ಕೈಕೊಟ್ಟರೆ ಆ ಮನುಷ್ಯನಿಗೆ ಊಟ ಹೋದ ಹಾಗೆ ಅಲ್ಲ, ಊರೇ ಹೋದ ಹಾಗೆ. ವಾರಕ್ಕೊಮ್ಮೆ ಬರುತ್ತಿದ್ದ ಡಾಕ್ಟರು ಅವರಿಗೆಲ್ಲ ಮುದ್ದೆ ನಿಲ್ಲಿಸಿ, ತೆಳ್ಳನೆಯ ಗಂಜಿ ಎಂದು ಚೀಟಿ ಬರೆದಿದ್ದರು. ಚೀಟಿಯನ್ನು ಗೋಡೆಗೆ ಅಂಟಿಸಿದವನು ನಾನು. ಗಂಜಿ ತೆಳ್ಳಗಾದಷ್ಟೂ ಕೆಮ್ಮು ಜಾಸ್ತಿಯಾಗುತ್ತಿತ್ತು. ಕೆಮ್ಮಿದರೆ ಇನ್ನೂ ತೆಳ್ಳಗೆ ಮಾಡಿ ಎಂದವನೂ ನಾನೇ.

ಅಕ್ಕ ಬಂದದ್ದು ಆ ಸಮಯಕ್ಕೆ. ಅಂಚೆಟ್ಟಿ ಆಚೆ ನಾಟ್ರಾಂಪಾಳ್ಯದ ಕಡೆಯವರು ಎಂದಷ್ಟೇ ಹೇಳಿದರು. ಐವತ್ತರ ಆಸುಪಾಸು, ಎತ್ತರದ ಆಳು, ಸ್ವಲ್ಪ ಬಗ್ಗಿದ ಬೆನ್ನು. ಮಾತು ಕಡಿಮೆ. ಬಂದ ಮೂರನೆಯ ದಿನವೇ ಮುದುಕರನ್ನು ಒಬ್ಬೊಬ್ಬರನ್ನಾಗಿ ಕೈಹಿಡಿದು ಜಗಲಿಗೆ ಕರೆತಂದು ಕೂರಿಸಿಕೊಂಡರು. ಒಬ್ಬರಿಗೆ ಸೊಪ್ಪು, ಒಬ್ಬರಿಗೆ ಬೆಳ್ಳುಳ್ಳಿ, ಒಬ್ಬರಿಗೆ ಹುಣಸೆ ಬೀಜ ತೆಗೆಯುವುದು. ನಮ್ಮ ವಾರ್ಡನ್ ಸೇಲಂ ಕಡೆಯವರು, ಕನ್ನಡ ಅರ್ಧ ತಮಿಳು ಅರ್ಧ. ಅವರು ಬಂದು ನೋಡಿ ಸೊಂಟದ ಮೇಲೆ ಕೈ ಇಟ್ಟರು.

"ಎನ್ನಮ್ಮಾ ಇದು? ವಯಸ್ಸಾದವ್ರ ಕೈಲಿ ವೇಲೆ, ಕೆಲ್ಸ ಮಾಡಿಸ್ತೀಯಾ?"

"ತಿನ್ನಕ್ಕಾಗಲ್ಲ ಅಂತ ಮಾಡಕ್ಕೂ ಆಗಲ್ವಾ ಸಾರ್?" ಅಂದರು ಅಕ್ಕ. "ಒಲೆ ವಾಸ್ನೆ ಇಲ್ದೆ ತಟ್ಟೆ ತಂದು ಮುಂದೆ ಮಡಗಿದ್ರೆ ಯಾರಿಗೆ ಹಸಿವಾಯ್ತದೆ?"

ವಾರ್ಡನ್ ಸೊಂಟದಿಂದ ಕೈ ಇಳಿಸಿದರು. ಆಮೇಲೆ ತಾವೂ ಒಂದು ಹಿಡಿ ಬೆಳ್ಳುಳ್ಳಿ ತೆಗೆದುಕೊಂಡು ಕೂತರು.

ಅಕ್ಕನಿಗೆ ಒಂದು ಅಭ್ಯಾಸ, ಮಾಡಿದ ಅಡುಗೆಯನ್ನು ರುಚಿ ನೋಡುತ್ತಿರಲಿಲ್ಲ. ಬಡಿಸುವ ಮೊದಲು ನಾಲಗೆಗೆ ತಾಗಿಸಿದರೆ ಪಾತ್ರೆಯೆಲ್ಲ ಎಂಜಲು ಎಂದು ಬೆಳೆದವರು. ಕಾರ ಹುಳಿ ಮೂಗಿಗೇ ತಿಳಿಯುತ್ತಿತ್ತು. ಉಪ್ಪಿಗೆ ಮಾತ್ರ ವಾಸನೆ ಇಲ್ಲವಲ್ಲ. ಅದಕ್ಕೆ ತಾತನನ್ನು ನೇಮಿಸಿಕೊಂಡರು. ಸಾರು ಒಂದು ಕುದಿ ಬಂದ ಕೂಡಲೇ ಸೌಟಿನಲ್ಲಿ ತಂದು, ಆರಿಸಿ, ತಾತನ ಎಡ ಅಂಗೈ ಮೇಲೆ ಒಂದು ಚಮಚದಷ್ಟು ಬಿಡುತ್ತಿದ್ದರು. ತಾತ ಅಂಗೈ ಮೇಲೆ ಬಗ್ಗಿ, ನೆಕ್ಕಿ, ಕಣ್ಣು ಮುಚ್ಚಿ, ಒಂದು ಬೆರಳು ಎತ್ತಿದರೆ ಇನ್ನೊಂದು ಚಿಟಿಕೆ ಉಪ್ಪು. ಮುಷ್ಟಿ ಹಿಡಿದರೆ ಸರಿಯಾಗಿದೆ. ಕೈ ಬೀಸಿದರೆ ಜಾಸ್ತಿ ಬಿದ್ದಿದೆ, ಒಂದು ಹಿಡಿ ರಾಗಿ ಹಿಟ್ಟು ಕಲಸಿ ಹಾಕಬೇಕು. ಮಾತು ಹೋದ ಮೇಲೆ ಯಾರೂ ಏನನ್ನೂ ಕೇಳದಿದ್ದ ಮನುಷ್ಯನನ್ನು ದಿನಕ್ಕೆ ಎರಡು ಸಲ ಇಪ್ಪತ್ತು ಜನ ಕಾಯುವ ಹಾಗಾಯಿತು. ತಾತ ಬೇಕೆಂದೇ ನಿಧಾನ ಮಾಡುತ್ತಿದ್ದರು.

"ಇವ್ನೇನು ಮೈಸೂರ್ ಮಹಾರಾಜ್ನಾ? ಬೆರಳು ಎತ್ತಕ್ಕೆ ಇಷ್ಟೊತ್ತಾ?" ಎಂದು ದೊಡ್ಡಮ್ಮ ಗೊಣಗಿದರೆ ತಾತ ಇನ್ನೊಂದು ಸಲ ಅಂಗೈ ಚಾಚುತ್ತಿದ್ದರು.

ಹೀಗೆ ಜನರ ನಡುವೆ ಇದ್ದೂ ಅಕ್ಕ ಒಂಟಿ. ಊಟ ಎಲ್ಲರದೂ ಮುಗಿದ ಮೇಲೆ, ಸೌದೆ ಒಟ್ಟಿದ್ದ ಮೂಲೆಯಲ್ಲಿ, ಗೋಡೆ ಕಡೆ ಮುಖ ಮಾಡಿ ಉಣ್ಣುತ್ತಿದ್ದರು. ನಾನು ಏನಾದರೂ ಕೇಳಲು ಹೋದರೆ ತಟ್ಟೆಯನ್ನು ಮಂಡಿಯ ಪಕ್ಕಕ್ಕೆ ಸರಿಸಿಬಿಡುತ್ತಿದ್ದರು. ಸಾಯಂಕಾಲ ಅಂಚೆಟ್ಟಿಗೆ ಹೋಗುವ ಬಸ್ಸು ನಮ್ಮ ಗೇಟಿನ ಮುಂದೆ ಹಾದು ಹೋಗುತ್ತಿತ್ತು. ಆ ಹೊತ್ತಿಗೆ ಕೈ ಒರೆಸಿಕೊಂಡು ಗೇಟಿಗೆ ಹೋಗುತ್ತಿದ್ದರು. ಬಸ್ಸು ಹೋದ ಮೇಲೂ ಧೂಳು ಅಡಗುವವರೆಗೆ ನಿಂತಿದ್ದು ವಾಪಸು ಬರುತ್ತಿದ್ದರು. ಒಂದು ದಿನವೂ ಬಸ್ಸಿಗೆ ಕೈ ಅಡ್ಡ ಹಾಕಲಿಲ್ಲ. ಬಸ್ಸಿನಿಂದ ಯಾರೂ ಅವರಿಗಾಗಿ ಇಳಿಯಲಿಲ್ಲ.

ಇನ್ನೊಂದನ್ನು ನಾನು ಬಹಳ ದಿನ ಗಮನಿಸಿಯೇ ಇರಲಿಲ್ಲ. ಅಕ್ಕ ಯಾರಿಗೂ ನೀರು ಕೊಡುತ್ತಿರಲಿಲ್ಲ. ಅನ್ನ ಬಡಿಸುವರು, ಸಾರು ಬಿಡುವರು, ಮಜ್ಜಿಗೆಯ ಪಾತ್ರೆ ತಂದು ಇಡುವರು. ನೀರು ಎಂದ ಕೂಡಲೇ "ಅಜ್ಜೀ, ಇವ್ರಿಗೆ ಒಸಿ ನೀರು ಕೊಡಿ" ಎಂದು ಕಣ್ಣಿಲ್ಲದ ಅಜ್ಜಿಗೆ ಹೇಳುವರು. ಅಜ್ಜಿ ಗೋಡೆ ಸವರಿಕೊಂಡು ಹೋಗಿ ಅರ್ಧ ಚೆಲ್ಲಿ ಅರ್ಧ ತರುವಳು. "ಚೊಂಬು ಎತ್ತಿದ್ರೆ ಕೈ ಸವೀತದೇನೋ ರಾಣಿಯಮ್ಮಂಗೆ" ಎಂಬ ದೊಡ್ಡಮ್ಮನ ಮಾತು ಕೇಳಿ ನಾನೂ ನಕ್ಕಿದ್ದೇನೆ.

ಕಾರಣ ತಿಳಿದದ್ದು ಹುಣಸೆಹಣ್ಣಿನವನು ಬಂದ ದಿನ. ಅಂಚೆಟ್ಟಿ ಬೆಟ್ಟದ ಕಡೆಯಿಂದ ವರ್ಷಕ್ಕೊಮ್ಮೆ ಎತ್ತಿನ ಗಾಡಿಯಲ್ಲಿ ಹುಣಸೆಹಣ್ಣು ತಂದು ಮಾರುವವನು. ಮಧ್ಯಾಹ್ನದ ಬಿಸಿಲು, ಎಲ್ಲರೂ ಮಲಗಿದ್ದರು. ಗೋಣಿ ಇಳಿಸಿ ಜಗಲಿಯ ಮೇಲೆ ಕೂತು, "ಒಂದ್ ಚೊಂಬು ನೀರು ಕೊಡ್ರವ್ವ" ಎಂದ. ಅಜ್ಜಿ ನಿದ್ದೆಯಲ್ಲಿದ್ದಳು. ಅಕ್ಕ ಒಳಗೆ ಹೋದರು, ಎಷ್ಟೋ ಹೊತ್ತು ಬರಲಿಲ್ಲ. ಆಮೇಲೆ ಚೊಂಬು ತಂದು, ಮುಖ ತಿರುಗಿಸಿಕೊಂಡು ಚಾಚಿದರು. ಅವನು ಕೈ ಚಾಚಿದವನು ಅವರ ಮುಖ ನೋಡಿ ಗುರುತು ಹಿಡಿದ. ಚೊಂಬನ್ನು ಇಸಿದುಕೊಂಡು, ಕುಡಿಯದೆ, ಮೆಲ್ಲಗೆ ಜಗಲಿಯ ಮೇಲೆ ಇಟ್ಟ.

"ಇರ್ಲಿ ಬುಡಿ. ಬಾಯಾರ್ಕೆ ಇಲ್ಲ."

ಅವನ ತುಟಿ ಒಣಗಿ ಬಿಳಿಚಿತ್ತು. ಗಾಡಿ ಹೂಡಿಕೊಂಡು ಹೊರಟುಹೋದ. ಅಕ್ಕ ಆ ಚೊಂಬಿನ ನೀರನ್ನು ಕರಿಬೇವಿನ ಗಿಡದ ಬುಡಕ್ಕೆ ಸುರಿದು, ಚೊಂಬನ್ನು ಹುಣಸೆಹಣ್ಣು ಹಾಕಿ ಉಜ್ಜಲು ಕೂತರು. ತಳ ಬೆಳ್ಳಗಾದ ಮೇಲೂ ಉಜ್ಜಿದರು.

"ನಮ್ಮತ್ತೇನ ನಾನು ನೀರು ಉಯ್ದು ಸಾಯ್ಸ್ದೆ ಅಂತಾರೆ ಕಣಪ್ಪ ನಮ್ಮೂರಲ್ಲಿ" ಎಂದರು, ಚೊಂಬಿಗೆ ಹೇಳುವ ಹಾಗೆ.

ಅತ್ತೆಗೆ ಲಕ್ವ ಹೊಡೆದು ಹತ್ತು ದಿನವಾಗಿತ್ತಂತೆ. ನೀರು ನೀರು ಎಂದು ಸನ್ನೆ ಮಾಡಿದಳಂತೆ. ತಲೆ ಹಿಂದಕ್ಕೆ ಬಾಗಿಸಿ, ಚೊಂಬು ಎತ್ತಿ, ಎಲ್ಲರಿಗೂ ಉಯ್ಯುವ ಹಾಗೆ ಬಾಯಿಗೆ ಉಯ್ದರು. ಕೆಮ್ಮು ಬಂತು, ಉಸಿರು ಸಿಕ್ಕಲಿಲ್ಲ. ಮನೆ ತುಂಬ ಜನ ನೋಡುತ್ತಿದ್ದರು. ಚೊಂಬು ಇದ್ದದ್ದು ಇವರ ಕೈಯಲ್ಲಿ. ಆವತ್ತಿನಿಂದ ಗಂಡ ಇವರ ಕೈಯಿಂದ ನೀರು ತೆಗೆದುಕೊಳ್ಳುವುದನ್ನು ಬಿಟ್ಟ. ಮನೆಯವರು ಬಿಟ್ಟರು, ಕೇರಿಯವರು ಬಿಟ್ಟರು. ಊಟ ಹಾಕಿದರೆ ತಿನ್ನುತ್ತಿದ್ದರಂತೆ, ನೀರಿಗೆ ಮಾತ್ರ ತಾವೇ ಎದ್ದು ಹೋಗುತ್ತಿದ್ದರಂತೆ. ಎಂಟು ವರ್ಷ ಹಾಗೆ ಬದುಕಿ, ಒಂದು ದಿನ ಬಸ್ಸು ಹತ್ತಿ ಬಂದುಬಿಟ್ಟರು.

"ಅಲ್ಲ ಅನ್ನಬೋದಾಗಿತ್ತಲ್ಲ ಅಕ್ಕ?"

"ಏನಂತ ಅನ್ನಲಿ? ಅಲ್ಲ ಅನ್ನಕ್ಕೆ ನಂಗೂ ಗೊತ್ತಿರಲಿಲ್ವಲ್ಲ."

ಇನ್ನೊಂದು ಸಲ ಯಾರಾದರೂ ತಮ್ಮ ಕೈ ನೀರು ಕುಡಿಯಲಿ ಎಂಬ ಆಸೆ ಅವರಿಗಿತ್ತು, ಕುಡಿದವರು ಸತ್ತರೆ ಎಂಬ ಭಯವೂ ಇತ್ತು. ಎರಡೂ ಸೇರಿ ಆ ಎತ್ತರದ ಹೆಂಗಸಿನ ಬೆನ್ನು ಬಗ್ಗಿಸಿದ್ದವು ಎಂದು ನನಗೆ ಆಮೇಲೆ ಆಮೇಲೆ ತಿಳಿಯಿತು.

ಅದಾಗಿ ಒಂದೆರಡು ತಿಂಗಳಿಗೆ, ಬೆಳಗಿನ ಹೊತ್ತು, ನಾನು ಮಾತ್ರೆ ಹಂಚುತ್ತಿದ್ದಾಗ ಅಕ್ಕ ನನ್ನ ಅಂಗಿ ಹಿಡಿದು ಎಳೆದರು. ಅವರು ಹಾಗೆಲ್ಲ ಮುಟ್ಟಿ ಕರೆಯುವವರಲ್ಲ.

"ಕಾಂಪೌಂಡ್ರೇ, ತಾತ ನೀರು ಕುಡ್ದಾಗ ಕೆಮ್ತಾರೆ. ಅಂಗೈ ಮ್ಯಾಲೆ ಸಾರು ನೆಕ್ದಾಗ ಕೆಮ್ಮಲ್ಲ. ಯಾಕೆ ಹೇಳಿ."

"ಸಾರು ಒಂದು ತೊಟ್ಟು ತಾನೆ ಅಕ್ಕ."

"ತೊಟ್ಟು ಬುಡಿ. ನೀರೂ ತೊಟ್ಟೇ ಕೊಟ್ಟು ನೋಡಿದೀನಿ ಅಜ್ಜಿ ಕೈಲಿ. ತಲೆ ನೋಡಿ, ತಲೆ." ಅವರ ಕಣ್ಣು ಬೇರೆಯೇ ಆಗಿತ್ತು. "ಸೂರು ನೋಡ್ಕಂಡು ಉಗುಳು ನುಂಗಿ. ಆಯ್ತಾ? ಈಗ ಎದೆ ನೋಡ್ಕಂಡು ನುಂಗಿ."

ನಾನು ಔಷಧಿ ತಟ್ಟೆ ಹಿಡಿದುಕೊಂಡೇ ಎರಡು ಸಲ ನುಂಗಿದೆ. ಮೇಲೆ ನೋಡಿದಾಗ ಗಂಟಲು ಬಿಗಿಯಿತು; ಕೆಳಗೆ ನೋಡಿದಾಗ ಸಲೀಸಾಗಿ ಇಳಿಯಿತು. ನಾಲ್ಕು ವರ್ಷ ಔಷಧಿ ಅಳೆದ ನನಗೆ ಇದು ಹೊಳೆದಿರಲಿಲ್ಲ.

ನಮ್ಮ ಕಡೆ ನೀರು ಕುಡಿಯುವುದೆಂದರೆ ಚೊಂಬು ಎತ್ತಿ, ತಲೆ ಹಿಂದಕ್ಕೆ ಹಾಕಿ, ತುಟಿಗೆ ತಾಗಿಸದೆ ಗಟಗಟ ಸುರಿದುಕೊಳ್ಳುವುದು. ತುಟಿ ತಾಗಿದರೆ ಎಂಜಲು. ನೂರು ಜನ ಒಂದೇ ಚೊಂಬಿನಲ್ಲಿ ಕುಡಿದರೂ ಹೇಸಿಗೆ ಇಲ್ಲ, ಮರ್ಯಾದೆ ಇದೆ. ಆಶ್ರಮದಲ್ಲಂತೂ ನಾನಾ ಜಾತಿಯ ಜನ. ಯಾರೂ ಲೋಟಕ್ಕೆ ತುಟಿ ಹಚ್ಚುತ್ತಿರಲಿಲ್ಲ. ಗಂಜಿಯನ್ನೂ ಎತ್ತಿಯೇ ಕುಡಿಯುತ್ತಿದ್ದರು. ಅದಕ್ಕೆ ತೆಳ್ಳಗಿದ್ದರೆ ಅನುಕೂಲ ಎಂದು ನಾವು ಇನ್ನೂ ನೀರು ಬೆರೆಸುತ್ತಿದ್ದೆವು. ಸೋತ ಗಂಟಲನ್ನು ಮೇಲಕ್ಕೆ ತೆರೆದು ಅದರೊಳಗೆ ನೀರು ಸುರಿಯುತ್ತಿದ್ದೆವು, ಮರ್ಯಾದೆಯಾಗಿ.

ಅಕ್ಕ ನನ್ನ ಅಂಗಿ ಬಿಟ್ಟು ಹೊಸ್ತಿಲ ಮೇಲೆ ಕೂತುಬಿಟ್ಟರು. ಯಾರನ್ನು ನೆನೆಸಿಕೊಂಡರೆಂದು ನಾನು ಕೇಳಲಿಲ್ಲ. ಒಲೆಯ ಮೇಲೆ ಎಸರು ಉಕ್ಕಿ ಬೆಂಕಿ ಆರಿತು. ಅವರ ಒಲೆ ಆರಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಆವತ್ತಿನಿಂದ ಗಂಜಿ ದಪ್ಪವಾಯಿತು. ರಾಗಿ ಹಿಟ್ಟನ್ನು ಎರಡು ಸಲ ಬಟ್ಟೆಯಲ್ಲಿ ಜರಡಿ ಹಿಡಿದು, ಗಂಟಿಲ್ಲದಂತೆ ಕಾಯಿಸಿ, ಮಜ್ಜಿಗೆ ಬೆರೆಸಿದ ಅಂಬಲಿ. ಅಳತೆಗೆ ಅವರದೇ ಲೆಕ್ಕ: ಸೌಟು ಓರೆ ಮಾಡಿದರೆ ದಾರದ ಹಾಗೆ ಇಳಿದರೆ ಆಗಲಿಲ್ಲ, ಮುದ್ದೆಯಾಗಿ ಬಿದ್ದರೂ ಆಗಲಿಲ್ಲ, ಒಂದು ಗಳಿಗೆ ಸೌಟಿನ ಅಂಚಿನಲ್ಲಿ ನಿಂತು ಯೋಚನೆ ಮಾಡಿ ಬೀಳಬೇಕು. "ಯೋಚ್ನೆ ಮಾಡ್ತದಾ ನೋಡಿ ಅಜ್ಜಿ" ಎಂದು ಕಣ್ಣಿಲ್ಲದ ಅಜ್ಜಿಯ ಕೈಗೇ ಸೌಟು ಕೊಡುತ್ತಿದ್ದರು. ಬೀಳುವ ಸದ್ದಿನಲ್ಲೇ ಅಜ್ಜಿ ಹೇಳುತ್ತಿದ್ದಳು. ಹಿತಕಿದ ಬೇಳೆಯನ್ನು ಬೇಯಿಸಿ, ಒಳಕಲ್ಲಿನಲ್ಲಿ ಬೆಣ್ಣೆಯ ಹಾಗೆ ರುಬ್ಬಿ, ಅದೇ ಸಾರಿಗೆ ಬಿಟ್ಟರೆ ಹಲ್ಲಿಲ್ಲದ ಬಾಯಿಗೂ ಅವರೆ ಕಾಲ ಬಂದಂತಾಯಿತು.

ತುಟಿ ಹಚ್ಚುವ ಮಾತು ಮಾತ್ರ ಬಗೆಹರಿಯಲಿಲ್ಲ. ತಾತ ಹೇಗೂ ಅಂಗೈಯವರು. ಬೇರೆಯವರೂ ಒಬ್ಬೊಬ್ಬರಾಗಿ, ತಮ್ಮದೇ ಲೋಟ ಗುರುತು ಮಾಡಿ ಕೊಟ್ಟರೆ ಒಪ್ಪಿದರು. ಒಪ್ಪದವರು ದೊಡ್ಡಮ್ಮ.

"ನಮ್ಮನೇಲಿ ಆಳುಮಕ್ಳೂ ಲೋಟ ಕಚ್ಚಿ ಕುಡ್ದಿಲ್ಲ. ಸಾಯೋ ಕಾಲ್ದಾಗೆ ನಾಯಿ ಅಂಗೆ ನೆಕ್ಕಲಾ ನಾನು?"

ಆ ಬೇಸಿಗೆಯಲ್ಲಿ ಅವರಿಗೆ ಎರಡು ಸಲ ಕೆಮ್ಮು ಜ್ವರ ಬಂತು. ಎದೆಯಲ್ಲಿ ಗೊರಗೊರ ಸದ್ದು. ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, ಮೂರನೆಯ ಸಲ ಬಂದರೆ ಉಳಿಯುವುದು ಕಷ್ಟ ಎಂದರು. ಕೆಮ್ಮಿನ ಭಯಕ್ಕೆ ದೊಡ್ಡಮ್ಮ ನೀರು ಕುಡಿಯುವುದನ್ನೇ ಬಿಟ್ಟರು. ನಾಲಗೆ ಒಣಗಿ ಮಾತು ತೊದಲಿತು. ಬೈಗುಳ ನಿಂತ ಮೇಲೆ ಜಗಲಿಯಲ್ಲಿ ಕೂರುವುದಕ್ಕೆ ಯಾರಿಗೂ ಮನಸ್ಸಾಗಲಿಲ್ಲ.

ಅಕ್ಕ ಎರಡು ದಿನ ದೊಡ್ಡಮ್ಮನನ್ನೇ ನೋಡುತ್ತ ಅಡುಗೆ ಮಾಡಿದರು. ಮೂರನೆಯ ದಿನ ಬೆಳಗ್ಗೆ ನಾನು ಬರುವಷ್ಟರಲ್ಲಿ ಜಗಲಿಯ ಮೇಲೆ ಒಂದು ಹೊರೆ ಮುತ್ತುಗದ ಎಲೆ ಇತ್ತು. ಎಲ್ಲಿಂದ, ಎಷ್ಟು ಹೊತ್ತಿಗೆ ಎದ್ದು ಹೋಗಿ ತಂದರೋ. ದೊಡ್ಡಮ್ಮನನ್ನು ಗೋಡೆಗೆ ಒರಗಿಸಿ ಕೂರಿಸಿ, ಮಡಿಲಿಗೆ ನಾಲ್ಕು ಎಲೆ, ಸೀಳಿದ ಕಡ್ಡಿ ಹಾಕಿದರು.

"ದೊನ್ನೆ ಕಟ್ಟಕ್ಕೆ ಬತ್ತದಾ ದೊಡ್ಡಮ್ಮ?"

"ಬತ್ತದಾ ಅಂತ ಕೇಳ್ತಾಳೆ ನೋಡು. ನಮ್ಮನೆ ಮದ್ವೇಲಿ ಸಾವ್ರ ದೊನ್ನೆ ಕಟ್ಟಿದೀನಿ ಕಣೇ."

ನಡುಗುವ ಕೈಯಲ್ಲಿ ಮೂರು ಎಲೆ ಹರಿದವು. ನಾಲ್ಕನೆಯದು ದೊನ್ನೆಯಾಯಿತು, ಸ್ವಲ್ಪ ಸೊಟ್ಟಗೆ. ಅಕ್ಕ ಅದನ್ನು ತೆಗೆದುಕೊಂಡು ಒಳಗೆ ಹೋಗಿ ಅಂಬಲಿ ಬಿಟ್ಟು ತಂದರು.

"ದೊನ್ನೇಲಿ ಎಂಜ್ಲಿಲ್ಲ. ಕುಡ್ದು ಬಿಸಾಕೋದು. ಇನ್ಯಾರೂ ಮುಟ್ಟಲ್ಲ. ಮದ್ವೇಲಿ ಪಾಯ್ಸ ಇದಕ್ಕೇ ತುಟಿ ಹಚ್ಚಿ ಕುಡ್ದಿಲ್ವಾ ನೀವು?"

ದೊಡ್ಡಮ್ಮ ದೊನ್ನೆಯನ್ನೇ ನೋಡಿದರು. ಅದನ್ನು ಚೊಂಬಿನ ಹಾಗೆ ಎತ್ತಿ ಸುರಿದುಕೊಳ್ಳುವುದಕ್ಕೆ ಆಗುವುದಿಲ್ಲ, ತುಟಿಗೆ ತರಲೇಬೇಕು. ತಂದರೆ ತಲೆ ತಾನಾಗಿ ಬಗ್ಗುತ್ತದೆ. ಅಕ್ಕ ಎರಡು ದಿನ ಯೋಚಿಸಿದ್ದು ಇದನ್ನೇ. ಆದರೆ ಒಂದನ್ನು ಮರೆತಿದ್ದರು. ದೊಡ್ಡಮ್ಮ ಕೈಗೆ ತೆಗೆದುಕೊಂಡ ಕೂಡಲೇ ನಡುಕಕ್ಕೆ ಅರ್ಧ ಅಂಬಲಿ ಸೀರೆಯ ಮೇಲೆ ಚೆಲ್ಲಿತು. ಯಾರಾದರೂ ಹಿಡಿಯಬೇಕು. ನಾನು ಮುಂದೆ ಬಂದೆ.

"ನೀ ಬ್ಯಾಡ. ನಿನ್ ಕೈ ಟಿಂಚರ್ ವಾಸ್ನೆ. ಇವ್ಳು ಇಡೀಲಿ."

ಅಕ್ಕ ಎರಡು ಹೆಜ್ಜೆ ಹಿಂದಕ್ಕೆ ಸರಿದರು.

"ನನ್ ಕೈ ಬ್ಯಾಡ ದೊಡ್ಡಮ್ಮ."

"ಯಾಕೆ? ಚೊಂಬಲ್ವಲ್ಲ ಇದು, ಕೈ ಸವೆಯಕ್ಕೆ."

ಅಲ್ಲಿದ್ದವರೆಲ್ಲರ ಎದುರಿಗೆ ಅಕ್ಕ ಅತ್ತೆಯ ಸಂಗತಿ ಹೇಳಿದರು. ನನಗೆ ಹೇಳಿದ್ದಕ್ಕಿಂತ ಕಡಿಮೆ ಮಾತಿನಲ್ಲಿ, ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡು. ಕಣ್ಣಿಲ್ಲದ ಅಜ್ಜಿಯ ಕೈಯಲ್ಲಿದ್ದ ಸೊಪ್ಪಿನ ಕಡ್ಡಿ ಹಾಗೇ ನಿಂತಿತು. ಇಷ್ಟು ದಿನ ನೀರಿಗೆ ತನ್ನನ್ನೇ ಏಕೆ ಕಳಿಸುತ್ತಿದ್ದರು ಎಂಬುದು ಅವಳಿಗೂ ಆಗಲೇ ತಿಳಿದದ್ದು. ದೊಡ್ಡಮ್ಮ ಪೂರ್ತಿ ಕೇಳಿದರು. ಅವರು ಒಬ್ಬರ ಮಾತನ್ನು ನಡುವೆ ಬಾಯಿ ಹಾಕದೆ ಕೇಳಿದ್ದನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ.

"ನಂಗೆ ಮಕ್ಳಿಲ್ಲ" ಅಂದರು ಕೊನೆಗೆ. "ಅಣ್ಣನ ಮಗ ಒಬ್ಬ ಅವ್ನೆ, ಇಲ್ಲಿ ಬುಟ್ಟು ಹೋದವ್ನು ತಿರುಗಿ ನೋಡಿಲ್ಲ. ನಿನ್ ಕೈ ನೀರಿಗೆ ನಾನು ಸತ್ರೆ, ನೀನೇ ಸಾಯ್ಸ್ದೆ ಅಂತ ಅನ್ನಕ್ಕಾದ್ರೂ ನಂಗ್ಯಾರವ್ರೆ ಹೇಳು? ಇಡಿಯೇ ಸುಮ್ಕೆ. ಬಾಯಿ ಒಣಗ್ತಾ ಅದೆ."

ಅಕ್ಕ ಮಂಡಿಯೂರಿ ಕೂತರು. ದೊನ್ನೆಗೆ ಮತ್ತೆ ಅಂಬಲಿ ಬಿಟ್ಟು, ಎರಡೂ ಕೈಯಲ್ಲಿ ಹಿಡಿದು, ದೊಡ್ಡಮ್ಮನ ತುಟಿಗಿಂತ ಕೆಳಗೆ ತಂದರು. "ಕೆಳಕ್ಕೆ ನೋಡಿ. ನನ್ ಕೈ ನೋಡಿ. ಇನ್ನೂ ಕೆಳಕ್ಕೆ." ದೊಡ್ಡಮ್ಮ ಬಗ್ಗಿದರು. ಒಂದು ಗುಟುಕು. ಗಂಟಲು ಮೇಲೆ ಹೋಗಿ ಕೆಳಗೆ ಬಂತು. ನಾವೆಲ್ಲ ಕೆಮ್ಮಿಗೆ ಕಾದೆವು. ಮರದಲ್ಲಿ ಗಿಳಿಗಳು ಗಲಾಟೆ ಮಾಡುತ್ತಿದ್ದವು, ರಸ್ತೆಯಲ್ಲಿ ಒಂದು ಲಾರಿ ಹೋಯಿತು. ಕೆಮ್ಮು ಬರಲಿಲ್ಲ. ಎರಡನೆಯ ಗುಟುಕು. ಮೂರನೆಯದು. ದೊನ್ನೆ ಖಾಲಿಯಾಯಿತು.

"ಉಪ್ಪು ಕಮ್ಮಿ" ಅಂದರು ದೊಡ್ಡಮ್ಮ.

ತಾತ ಆ ಕೊನೆಯಿಂದ ಸಿಟ್ಟಿನಲ್ಲಿ ಮುಷ್ಟಿ ಹಿಡಿದು ತೋರಿಸಿದರು, ಸರಿಯಾಗಿದೆ ಎಂದು. ಎಲ್ಲರೂ ನಕ್ಕರು. ಅಕ್ಕ ನಗಲಿಲ್ಲ. ಖಾಲಿ ದೊನ್ನೆಯನ್ನು ಬಿಸಾಡದೆ ಒಳಗೆ ತೆಗೆದುಕೊಂಡು ಹೋದರು. ಅದು ಒಣಗಿ ಸುರುಟಿಕೊಂಡು ಬಹಳ ದಿನ ಅವರ ಟ್ರಂಕಿನ ಪಕ್ಕ ಗೂಡಿನಲ್ಲಿ ಇತ್ತು.

ದೊಡ್ಡಮ್ಮ ಇನ್ನೂ ಎರಡು ಅವರೆ ಕಾಲ ಬೈದುಕೊಂಡು ಬದುಕಿದರು. ಹೋದದ್ದು ನಿದ್ದೆಯಲ್ಲಿ, ಕೆಮ್ಮಿನಿಂದಲ್ಲ. ಮಧ್ಯಾಹ್ನ ಊಟ ಆದ ಮೇಲೆ ಜಗಲಿಯಲ್ಲಿ ಕೂತು ನಾಳೆಯ ದೊನ್ನೆ ಕಟ್ಟುವುದು ನಮ್ಮಲ್ಲಿ ರೂಢಿಯಾಯಿತು. ಡಾಕ್ಟರು ಒಂದು ದಿನ ಎದುರಿಗೆ ನಿಂತು ನೋಡಿದರು. ಗೋಡೆಯ ಮೇಲಿನ ಹಳೆಯ ಚೀಟಿಯಲ್ಲಿ ತೆಳು ಗಂಜಿ ಎಂಬುದನ್ನು ಹೊಡೆದು, ಅಡುಗೆಯವರು ಹೇಳಿದಂತೆ ಎಂದು ಬರೆದು ಹೋದರು. ಅಕ್ಕನಿಗೆ ಓದು ಬರುತ್ತಿರಲಿಲ್ಲ. ನಾನು ಓದಿ ಹೇಳಿದಾಗ, "ಅಂಗಾರೆ ನಾನು ಹೇಳೋದು ನಿಲ್ಲಿಸೋ ಅಂಗಿಲ್ಲ" ಅಂದರು.

ಎಲ್ಲ ಸರಿಹೋಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಈಗ ಎಲ್ಲರಿಗೂ ನೀರು ಅವರೇ ಕೊಡುತ್ತಿದ್ದರು. ಬಂದ ಲಾರಿಯವರು, ಸೊಪ್ಪಿನವರು ಎಲ್ಲರೂ ಕುಡಿಯುತ್ತಿದ್ದರು. ಆದರೂ ಸಾಯಂಕಾಲ ಗೇಟಿಗೆ ಹೋಗುವುದು ತಪ್ಪಲಿಲ್ಲ. ಊಟ ಗೋಡೆ ಕಡೆಗೇ. ನಾನು ಒಂದು ಸಲ, ಊರಿಗೆ ಹೋಗಿ ಬನ್ನಿ ಅಕ್ಕ, ತಲೆ ಬಗ್ಗಿಸುವ ಸಂಗತಿ ಅವರಿಗೂ ಹೇಳಿ ಬನ್ನಿ ಎಂದೆ. ಬಹಳ ಹೊತ್ತು ಒಲೆ ಊದಿದರು.

"ಅವ್ರೇ ಕೇಳ್ಬೇಕು ತಮ್ಮ. ನಾನಾಗಿ ಹೋಗಿ ಹೇಳಿದ್ರೆ, ತಪ್ಪಿಸ್ಕೊಳ್ಳಾಕೆ ಹೇಳ್ತಾಳೆ ಅಂತಾರೆ."

ಯಾರೂ ಕೇಳಲಿಲ್ಲ. ಎಂಬತ್ತರ ದಶಕದ ನಡುವೆ, ಒಂದು ಚಳಿಗಾಲ, ಅಕ್ಕ ಮೂರು ದಿನದ ಜ್ವರಕ್ಕೆ ಹೋಗಿಬಿಟ್ಟರು. ಕೊನೆಯ ದಿನ ನಾನೇ ದೊನ್ನೆ ಹಿಡಿದೆ. ತಾವೇ ತಲೆ ಬಗ್ಗಿಸಿ ಕುಡಿದರು. ಊರಿಗೆ ತಂತಿ ಕಳಿಸಿದೆವು. ಮರುದಿನ ಮಧ್ಯಾಹ್ನದವರೆಗೆ ಕಾದು, ಯಾರೂ ಬಾರದೆ ಇದ್ದಾಗ, ವಾರ್ಡನ್ ಮುಂದೆ ನಿಂತು ಮಣ್ಣು ಮಾಡಿಸಿದರು.

ಹದಿನೈದು ದಿನ ಬಿಟ್ಟು ನಾನು ಅವರು ನೋಡುತ್ತಿದ್ದ ಅದೇ ಬಸ್ಸು ಹತ್ತಿದೆ. ಟ್ರಂಕಿನಲ್ಲಿದ್ದ ಎರಡು ಸೀರೆ, ಒಂದು ಜೊತೆ ಬೆಳ್ಳಿ ಕಾಲುಂಗುರ ಕೊಟ್ಟುಬರಬೇಕಿತ್ತು. ರಾತ್ರಿ ಅಂಚೆಟ್ಟಿಯಲ್ಲಿ ತಂಗಿ, ಬೆಳಗ್ಗೆ ನಾಟ್ರಾಂಪಾಳ್ಯಕ್ಕೆ ಹೋಗಿ, ಅಲ್ಲಿಂದ ಕೇಳಿಕೊಂಡು ನಡೆದೆ. ಅವರ ಗಂಡ ಜಗಲಿಯ ಮೇಲೆ ಕೂತಿದ್ದರು, ಎಪ್ಪತ್ತರ ಮುದುಕ, ಒಂದು ಕಣ್ಣರೆಪ್ಪೆ ಇಳಿಬಿದ್ದಿತ್ತು. ತಮ್ಮನ ಸೊಸೆ ನನಗೆ ಒಂದು ಚೊಂಬು ನೀರು, ಒಂದು ಚೂರು ಬೆಲ್ಲ ತಂದು ಇಟ್ಟಳು. ವಿಷಯ ಹೇಳಿದೆ. "ಹೂಂ, ತಂತಿ ಬಂದಿತ್ತು" ಅಂದರು. ಕಾಲುಂಗುರವನ್ನು ಅಂಗೈಯಲ್ಲಿ ಸ್ವಲ್ಪ ಹೊತ್ತು ಹಿಡಿದುಕೊಂಡಿದ್ದು ಪಕ್ಕಕ್ಕೆ ಇಟ್ಟರು. ಆಮೇಲೆ ಸೊಸೆಗೆ ತಮಗೂ ನೀರು ಎಂದು ಸನ್ನೆ ಮಾಡಿದರು. ಚೊಂಬು ಎತ್ತಿ, ತಲೆ ಹಿಂದಕ್ಕೆ ಹಾಕಿ ಸುರಿದುಕೊಂಡರು. ಕೆಮ್ಮು ಹತ್ತಿತು. ಕಣ್ಣಲ್ಲಿ ನೀರು ಬರುವವರೆಗೂ ಕೆಮ್ಮಿದರು.

"ಒಂದ್ ವರ್ಸದಿಂದ ಇಂಗೇ" ಅಂದಳು ಸೊಸೆ. "ನೀರು ಅಂದ್ರೆ ಎದರ್ಕೊತಾರೆ."

ಅಂಗಳದ ಬೇಲಿಯಲ್ಲಿ ಮುತ್ತುಗದ ಗಿಡ ಇತ್ತು. ಒಂದು ದೊಡ್ಡ ಎಲೆ ಕಿತ್ತು, ತೊಳೆದು, ಮಡಿಸಿ ಕಡ್ಡಿ ಚುಚ್ಚಿದೆ. ಅದಕ್ಕೆ ನೀರು ಬಿಟ್ಟು ಅವರ ಮುಂದೆ ಹಿಡಿದೆ.

"ಎದೆ ನೋಡ್ಕಂಡು, ಮೆಲ್ಲಗೆ ಒಂದೇ ಗುಟುಕು ಕುಡೀರಿ."

ಕುಡಿದರು. ಕೆಮ್ಮಿಗೆ ಕಾದರು. ಬರಲಿಲ್ಲ. ಇನ್ನೊಂದು ಗುಟುಕು ಕುಡಿದು ದೊನ್ನೆಯನ್ನು ತಿರುಗಿಸಿ ನೋಡಿದರು.

"ಇದನ್ನ ಯಾರು ಹೇಳ್ಕೊಟ್ಟಿದ್ದು?"

"ನಿಮ್ಮನೆಯವ್ರೇ."

ಸೊಸೆ ಒಳಗೆ ಹೋದಳು.

"ಚೊಂಬು ಇಡಿದಿದ್ದು ಅವ್ಳು" ಅಂದರು. "ಅವ್ವನ ತಲೆ ಇಡ್ಕಂಡು ಹಿಂದಕ್ಕೆ ಬಗ್ಸಿದ್ದು ನಾನು. ಅವ್ಳು ಬ್ಯಾಡ, ಒಸಿ ತಾಳಿ ಅಂದ್ಲು. ನಾನೇ ಉಯ್ಯಿ ಅಂದೆ."

ಇದನ್ನು ಅಕ್ಕ ನಮಗೆ ಯಾರಿಗೂ ಹೇಳಿರಲಿಲ್ಲ.

ಅವರು ಖಾಲಿ ದೊನ್ನೆಯನ್ನು ನನ್ನ ಕಡೆಗೆ ಚಾಚಿದರು. ನಾನು ಚೊಂಬಿನಿಂದ ಮತ್ತೆ ನೀರು ಬಿಟ್ಟೆ. ಅವರು ತಲೆ ಬಗ್ಗಿಸಿದರು.